ಕಡಲ ಕೋಪೆಪಾಡ್ ಗುರುತಿಸುವುದು ಹೇಗೆ: ಬಲೆಯಿಂದ ಭೂಪಟದವರೆಗೆ

ಸಮುದ್ರದಿಂದ ಎಳೆದ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳ) ಮಾದರಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ಕೋಪೆಪಾಡ್‌ಗಳೇ. ಒಂದೆರಡು ಮಿಲಿಮೀಟರ್ ಮೈ, ತಲೆಯಿಂದ ಎರಡೂ ಪಕ್ಕಕ್ಕೆ ಚಾಚಿದ ಮೀಸೆ, ಹಿಂದೊಂದು ತೆಳ್ಳಗಿನ ಬಾಲ. ಸೀಗಡಿ, ಏಡಿಗಳ ದೂರದ ನೆಂಟರು ಇವು. ಕಡಲಲ್ಲಿ ತೇಲಿ ಬದುಕುವ ಪ್ರಭೇದಗಳೇ 2,500ಕ್ಕೂ ಜಾಸ್ತಿ ಇವೆ. ಎಲ್ಲವೂ ಮೊದಲ ನೋಟಕ್ಕೆ ಒಂದೇ ಥರ ಕಾಣುತ್ತವೆ. ಹೊಸಬರು ಕೈಚೆಲ್ಲುವುದು ಇಲ್ಲಿಯೇ.

ಈ ಮಾರ್ಗದರ್ಶಿಯಲ್ಲಿ ಒಂದು ವಿಷಯಕ್ಕೆ ನನ್ನ ಹಠ ಇದೆ. ಮೊದಲು ದೇಹ ನೋಡಿ, ಆಮೇಲೆ ಹೆಸರು ಕೊಡಿ, ಜಾಗವನ್ನು ಕೊನೆಗೆ ತನ್ನಿ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. "ಉತ್ತರ ಅಟ್ಲಾಂಟಿಕ್‌ನಲ್ಲಿ ಸಿಕ್ಕಿತಲ್ಲ, ಹಾಗಾದರೆ ಇದು ಕ್ಯಾಲನಸ್ ಫಿನ್‌ಮಾರ್ಕಿಕಸ್" ಎಂದು ಬರೆದುಬಿಡುತ್ತಾರೆ. ಆ ಹೆಸರು ಭೂಪಟದಲ್ಲಿ ಒಂದು ಚುಕ್ಕೆಯಾಗುತ್ತದೆ. ಮುಂದಿನವರು ಅದೇ ಭೂಪಟ ನೋಡಿ ತಮ್ಮ ಮಾದರಿಗೂ ಅದೇ ಹೆಸರಿಡುತ್ತಾರೆ. ತಪ್ಪು ತನ್ನಷ್ಟಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಇದು ನಿಜಕ್ಕೂ ನಡೆದಿದೆ, ಮುಂದೆ ಹೇಳುತ್ತೇನೆ.

ಉದಾಹರಣೆಗೆ ಹೆಚ್ಚಾಗಿ ಕ್ಯಾಲನಸ್ ಫಿನ್‌ಮಾರ್ಕಿಕಸ್ ಅನ್ನೇ ಹಿಡಿದುಕೊಂಡಿದ್ದೇನೆ. ಅತಿ ಹೆಚ್ಚು ಅಧ್ಯಯನವಾದ ಕೋಪೆಪಾಡ್‌ಗಳಲ್ಲಿ ಅದೂ ಒಂದು. ಸಾಕಷ್ಟು ದೊಡ್ಡದು ಕೂಡ, ಕಲಿಯುವವರ ಕಣ್ಣಿಗೆ ಸುಲಭ.

ಹಂತ 1: ಬಲೆ ಆರಿಸಿ

ಪ್ಲಾಂಕ್ಟನ್ ಬಲೆ ಶಂಕುವಿನ ಆಕಾರದ ನೈಲಾನ್ ಚೀಲ. ಬಾಯಿಗೆ ಲೋಹದ ಬಳೆ, ತುದಿಗೆ ಒಂದು ಡಬ್ಬಿ. ಇಲ್ಲಿ ತೀರ್ಮಾನಿಸಬೇಕಾದ ದೊಡ್ಡ ವಿಷಯ ಬಲೆಯ ಕಣ್ಣಿನ ಅಳತೆ. ಸಾಮಾನ್ಯವಾಗಿ ಬಳಸುವ ಡಬ್ಲ್ಯೂಪಿ-2 ಬಲೆಯ ಕಣ್ಣು 200 ಮೈಕ್ರೋಮೀಟರ್, ಬಾಯಿಯ ವ್ಯಾಸ 57 ಸೆಂಟಿಮೀಟರ್. ಕ್ಯಾಲನಸ್‌ನಂಥ ದೊಡ್ಡ ಜೀವಿಗಳಿಗೆ ಇದು ಧಾರಾಳವಾಗಿ ಸಾಕು. ಆದರೆ ಓಯ್ತೋನಾದಂಥ ಸಣ್ಣವು ಇದರಲ್ಲಿ ಜಾರಿಹೋಗುತ್ತವೆ. ಅವುಗಳ ಮರಿಗಳ ಕತೆಯಂತೂ ಹೇಳುವುದೇ ಬೇಡ. ಅವೂ ಬೇಕಿದ್ದರೆ 100 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಬಲೆ ಹಾಕಿ.

ಇದು ಬರೀ ಉಪಕರಣದ ಮಾತಲ್ಲ. ಹಲವು ದಶಕ ದೊಡ್ಡ ಕಣ್ಣಿನ ಬಲೆಗಳನ್ನೇ ಬಳಸಿದ್ದರಿಂದ ಸಣ್ಣ ಕೋಪೆಪಾಡ್‌ಗಳ ಸಂಖ್ಯೆಯನ್ನು ಎಲ್ಲೆಡೆ ಕಡಿಮೆ ಅಂದಾಜು ಮಾಡಲಾಗಿತ್ತು. ಓಯ್ತೋನಾ ಜಗತ್ತಿನ ಸಾಗರಗಳಲ್ಲೇ ಅತಿ ಹೇರಳವಾದ ಕೋಪೆಪಾಡ್‌ಗಳಲ್ಲಿ ಒಂದು ಎಂಬುದು ಸರಿಯಾಗಿ ಮನದಟ್ಟಾದದ್ದು ಸಣ್ಣ ಕಣ್ಣಿನ ಬಲೆ ಹಾಕಿದ ಮೇಲೆ.

ಬಲೆಯನ್ನು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಸೆಕೆಂಡಿಗೆ ಮುಕ್ಕಾಲು ಮೀಟರ್ ಆಸುಪಾಸು ಇದ್ದರೆ ಸರಿ. ವೇಗ ಜಾಸ್ತಿಯಾದರೆ ಬಲೆಯ ಬಾಯಲ್ಲಿ ನೀರು ಹಿಂದಕ್ಕೆ ಒತ್ತುತ್ತದೆ, ಮೀಸೆ ಕಾಲುಗಳೂ ಮುರಿಯುತ್ತವೆ. ಗುರುತಿಗೆ ಬೇಕಾದದ್ದು ಅವೇ ಅಲ್ವಾ? ಬಾಯಲ್ಲಿ ಹರಿವು ಅಳೆಯುವ ಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಳೆದ ದೂರವನ್ನು ಬರೆದುಕೊಳ್ಳಿ.

ಹಂತ 2: ಜೀವ ಇರುವಾಗಲೇ ನೋಡಿ, ಆಮೇಲೆ ಕೆಡದಂತೆ ಇಡಿ

ಒಂದಿಷ್ಟನ್ನು ತಣ್ಣನೆಯ ಕಡಲ ನೀರಿನಲ್ಲಿ ಜೀವಂತ ಇಟ್ಟುಕೊಂಡು ನೋಡಿ. ಬಣ್ಣ ಕಾಣುವುದು ಆಗ ಮಾತ್ರ. ಫಾರ್ಮಲಿನ್ ಇರಲಿ, ಆಲ್ಕೋಹಾಲ್ ಇರಲಿ, ಎರಡರಲ್ಲೂ ಬಣ್ಣ ಬಿಟ್ಟುಹೋಗುತ್ತದೆ. ಕ್ಯಾಲನಸ್ ಆಗಿದ್ದರೆ ಮೈಯೊಳಗೆ ಉದ್ದಕ್ಕೂ ಹೊಳೆಯುವ ಒಂದು ಕೊಬ್ಬಿನ ಚೀಲ ಕಾಣುತ್ತದೆ. ಚೆನ್ನಾಗಿ ತಿಂದ ಜೀವಿಯಲ್ಲಿ ಅದು ಮೈಯ ಬಹುಭಾಗ ತುಂಬಿರುತ್ತದೆ. ಅದರಲ್ಲಿರುವುದು ಮುಖ್ಯವಾಗಿ ಮೇಣದ ಜಾತಿಯ ಕೊಬ್ಬು.

ಹುಷಾರಾಗಿ ಡ್ರಾಪರ್ ಹತ್ತಿರ ತಂದು ನೋಡಿ. ಚಟ್ಟನೆ ಜಿಗಿದು ಮಾಯವಾಗುತ್ತದೆ. ಆ ಜಿಗಿತದಲ್ಲಿ ಸೆಕೆಂಡಿಗೆ ತನ್ನ ಮೈಯುದ್ದದ ನೂರಾರು ಪಟ್ಟು ವೇಗ ಇರುತ್ತದೆ. ಮೀಸೆಯ ಮೇಲಿನ ಬಿರುಗೂದಲುಗಳು ನೀರಿನ ಅತಿ ಸಣ್ಣ ಅಲುಗಾಟವನ್ನೂ ಹಿಡಿಯುತ್ತವೆ. ಕ್ಯಾಲನಸ್‌ನಂಥ ಕೆಲವು ಕೋಪೆಪಾಡ್‌ಗಳ ನರಗಳಿಗೆ ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇರುವಂಥ, ನರಸಂದೇಶವನ್ನು ವೇಗವಾಗಿಸುವ ಮೈಲಿನ್ ಹೊದಿಕೆಯೂ ಇದೆ. ಇದು ಗೊತ್ತಾದದ್ದು 1999ರಲ್ಲಿ. ಇಷ್ಟು ಸಣ್ಣ ಜೀವಿಗೆ ಇಂಥ ನರ ಇದೆ ಎಂಬುದು ನನಗೆ ಇವತ್ತಿಗೂ ಬೆರಗು.

ನೋಡಿಯಾದ ಮೇಲೆ ಮಾದರಿಯನ್ನು ಎರಡು ಪಾಲು ಮಾಡಿ. ಒಂದಕ್ಕೆ ಫಾರ್ಮಲಿನ್: 9 ಪಾಲು ಮಾದರಿಗೆ 1 ಪಾಲು ಫಾರ್ಮಲಿನ್, ಜೊತೆಗೆ ಆಮ್ಲ ತಗ್ಗಿಸಲು ಸ್ವಲ್ಪ ಬೋರಾಕ್ಸ್. ಇದರಲ್ಲಿ ಆಕಾರ ಚೆನ್ನಾಗಿ ಉಳಿಯುತ್ತದೆ. ಇನ್ನೊಂದಕ್ಕೆ 95% ಎಥನಾಲ್, ಡಿಎನ್‌ಎ ಪರೀಕ್ಷೆಗೆ. ಫಾರ್ಮಲಿನ್ ವಿಷ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಕೈಗವಸು, ಗಾಳಿಯಾಡುವ ಜಾಗ ಎರಡೂ ಬೇಕು. ಮೈಕ್ರೋಸ್ಕೋಪಿಗೆ ತರುವ ಮೊದಲು ನೀರಲ್ಲಿ ಚೆನ್ನಾಗಿ ತೊಳೆಯಿರಿ.

ಬಾಟಲಿಯ ಒಳಗೇ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ. ಹೊರಗೆ ಪೆನ್ನಿನಲ್ಲಿ ಬರೆದದ್ದು ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ.

ಹಂತ 3: ಮೈ ಎಲ್ಲಿ ಮಡಚುತ್ತದೆ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಬಣ್ಣ, ಗಾತ್ರ, ಮೀಸೆ ಎಲ್ಲವನ್ನೂ ಈಗ ಮರೆತುಬಿಡಿ.

ಕೋಪೆಪಾಡ್‌ನ ಮೈಯಲ್ಲಿ ಎರಡು ಭಾಗ. ಮುಂದಿನ ದಪ್ಪ ಭಾಗಕ್ಕೆ ಪ್ರೊಸೋಮ್ ಎನ್ನುತ್ತಾರೆ. ತಲೆ, ಎದೆ ಎರಡೂ ಅದರಲ್ಲೇ ಇವೆ. ಹಿಂದಿನ ಸಪೂರ ಭಾಗ ಯೂರೋಸೋಮ್. ಎರಡರ ನಡುವೆ ಮೈ ಮಡಚುವ ದೊಡ್ಡ ಕೀಲು ಇದೆ. ಆ ಕೀಲು ಎಷ್ಟನೇ ಕಾಲಿನ ಹತ್ತಿರ ಇದೆ ಎಂಬುದೇ ಪ್ರಶ್ನೆ.

ಐದನೇ ಜೋಡಿ ಕಾಲಿರುವ ಖಂಡದ ಹಿಂದೆ ಕೀಲಿದ್ದರೆ ಅದು ಕ್ಯಾಲನಾಯ್ಡ್ ಗಣ, ಕ್ಯಾಲನಸ್ ಸೇರಿದ ಗುಂಪು. ನಾಲ್ಕನೇ ಮತ್ತು ಐದನೇ ಕಾಲುಗಳ ಖಂಡಗಳ ನಡುವೆ ಇದ್ದರೆ, ಅಂದರೆ ಐದನೇ ಕಾಲು ಬಾಲದ ಪಾಲಿಗೆ ಹೋಗಿದ್ದರೆ, ಅದು ಸೈಕ್ಲೊಪಾಯ್ಡ್ ಗಣ (ಓಯ್ತೋನಾ ಇದರದ್ದು) ಅಥವಾ ಹಾರ್ಪ್ಯಾಕ್ಟಿಕಾಯ್ಡ್ ಗಣ. ವಿಲ್ಹೆಲ್ಮ್ ಗೀಸ್‌ಬ್ರೆಕ್ಟ್ ಎಂಬ ಪ್ರಾಣಿಶಾಸ್ತ್ರಜ್ಞ 19ನೇ ಶತಮಾನದ ಕೊನೆಯಲ್ಲಿ ಹಾಕಿಕೊಟ್ಟ ಗೆರೆ ಇದು. ಇಂದಿಗೂ ಕೆಲಸಕ್ಕೆ ಬರುತ್ತಿದೆ.

ಪಕ್ಕದಿಂದ ನೋಡಿದರೆ ಕೀಲು ಬೇಗ ಗೊತ್ತಾಗುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಸ್ಲೈಡಿನ ಮೇಲೆ ಗ್ಲಿಸರಿನ್ ಮತ್ತು ನೀರು ಸಮ ಬೆರೆಸಿದ ಹನಿ ಹಾಕಿ. ಕವರ್ ಸ್ಲಿಪ್ಪಿನ ಮೂಲೆಗಳ ಅಡಿಗೆ ಒಡೆದ ಕವರ್ ಸ್ಲಿಪ್ಪಿನ ಚೂರು ಇಟ್ಟು ಸ್ವಲ್ಪ ಎತ್ತರಿಸಿ. ಈಗ ಮೇಲಿನ ಗಾಜನ್ನು ನವಿರಾಗಿ ಸರಿಸಿದರೆ ಒಳಗಿನ ಜೀವಿ ಉರುಳುತ್ತದೆ. ಬೆನ್ನು, ಪಕ್ಕ, ಹೊಟ್ಟೆ ಮೂರನ್ನೂ ನೋಡಬಹುದು. ಪಾರದರ್ಶಕ ಕವಚ ಸರಿಯಾಗಿ ಕಾಣದಿದ್ದರೆ ಕ್ಲೋರಜೋಲ್ ಬ್ಲ್ಯಾಕ್ ಬಣ್ಣ ಒಂದು ಚೂರು ಹಾಕಿ.

ಹಾರ್ಪ್ಯಾಕ್ಟಿಕಾಯ್ಡ್‌ಗಳಲ್ಲಿ ಮುಂದು ಹಿಂದುಗಳ ದಪ್ಪದಲ್ಲಿ ಅಷ್ಟು ವ್ಯತ್ಯಾಸ ಇರುವುದಿಲ್ಲ, ಮೀಸೆ ಬಲು ಗಿಡ್ಡ. ಅವುಗಳಲ್ಲಿ ಬಹುಪಾಲು ತಳದಲ್ಲಿ ಬದುಕುವಂಥವು. ಯೂಟರ್ಪಿನಾ, ಮೈಕ್ರೋಸೆಟೆಲ್ಲಾ ತರಹದ ಕೆಲವು ಮಾತ್ರ ತೇಲುತ್ತವೆ. ಇನ್ನೊಂದು ಮಾತು. ಒಂಕಿಯಾ, ಕೋರಿಸಿಯಸ್‌ಗಳನ್ನು ಹಳೆಯ ಪುಸ್ತಕಗಳಲ್ಲಿ ಬೇರೆಯೇ ಗಣದಲ್ಲಿ ಇಟ್ಟಿರುತ್ತಾರೆ. ಈಗ ಅವು ಸೈಕ್ಲೊಪಾಯ್ಡ್‌ಗಳೊಳಗೆ ಸೇರಿವೆ. ಪುಸ್ತಕ ಒಂದು, ಜಾಲತಾಣ ಇನ್ನೊಂದು ಹೇಳಿದರೆ ಗಾಬರಿ ಬೇಡ.

ಹಂತ 4: ಮೀಸೆ ಮತ್ತು ಬಾಯಿ

ಮೊದಲ ಜೋಡಿ ಮೀಸೆಯ ಗೆಣ್ಣುಗಳನ್ನು ಎಣಿಸಿ. ಕ್ಯಾಲನಸ್‌ನಲ್ಲಿ 25 ಇರುತ್ತವೆ, ಮೀಸೆ ಮೈಯಷ್ಟೇ ಉದ್ದ. ಎರಡನೇ ಜೋಡಿ ಮೀಸೆ ಗಿಡ್ಡ. ಅದು ಕ್ಯಾಲನಾಯ್ಡ್‌ಗಳಲ್ಲಿ ಎರಡು ಕವಲಾಗಿರುತ್ತದೆ.

ಗಂಡಿನಲ್ಲಿ ಮೊದಲ ಮೀಸೆಯನ್ನು ಎರಡೆರಡು ಸಲ ನೋಡಿ. ಅಕಾರ್ಟಿಯಾ, ಟೆಮೋರಾ, ಸೆಂಟ್ರೋಪೇಜಸ್‌ಗಳಲ್ಲಿ ಬಲ ಮೀಸೆಯಲ್ಲೊಂದು ಮೊಣಕೈಯಂಥ ಮಡಿಕೆ ಇದೆ. ಕೂಡುವಾಗ ಹೆಣ್ಣನ್ನು ಹಿಡಿಯಲು ಅದು ಬೇಕು. ಕ್ಯಾಲನಸ್ ಗಂಡಿನಲ್ಲಿ ಆ ಮಡಿಕೆ ಇಲ್ಲ. ಓಯ್ತೋನಾ ಗಂಡಿನಲ್ಲಿ ಎರಡೂ ಕಡೆ ಇದೆ.

ಬಾಯಿಯ ಸುತ್ತ ಅವಯವಗಳ ಗುಂಪೇ ಇದೆ. ದವಡೆ, ಅದರ ಹಿಂದೆ ಎರಡು ಜೋಡಿ ಮ್ಯಾಕ್ಸಿಲ್ಲಾ, ಅವುಗಳ ಹಿಂದೆ ಕಾಲಿನಂಥ ಒಂದು ಜೋಡಿ ಮ್ಯಾಕ್ಸಿಲಿಪೆಡ್. ಹೆಸರು ಬಾಯಿಪಾಠ ಮಾಡುವುದಕ್ಕಿಂತ ಜೀವಿ ಏನು ತಿನ್ನುತ್ತದೆ ಎಂದು ಕೇಳಿಕೊಳ್ಳಿ, ಆಕಾರ ತಾನಾಗಿ ಅರ್ಥವಾಗುತ್ತದೆ. ಕ್ಯಾಲನಸ್‌ನ ಮ್ಯಾಕ್ಸಿಲ್ಲಾದ ಮೇಲೆ ಉದ್ದ, ಒತ್ತಾದ ಬಿರುಗೂದಲುಗಳಿವೆ. ನೀರಿನಿಂದ ಡಯಾಟಮ್‌ನಂಥ ಸಣ್ಣ ಪಾಚಿ ಹಿಡಿಯಲು ಅವು ಹೇಳಿ ಮಾಡಿಸಿದಂತಿವೆ. ಯೂಕೀಟಾ ಬೇಟೆಗಾರ. ಅದರ ಮ್ಯಾಕ್ಸಿಲಿಪೆಡ್ ದೊಡ್ಡದು, ಬಲವಾದದ್ದು, ಹಿಡಿಯುವುದಕ್ಕೆಂದೇ ಇದೆ. ದವಡೆಯ ಹಲ್ಲುಗಳಲ್ಲೂ ಇದೇ ವ್ಯತ್ಯಾಸ: ಪಾಚಿ ಅರೆಯುವವಕ್ಕೆ ಮೊಂಡು ಹಲ್ಲು ಹಲವು, ಬೇಟೆಯಾಡುವವಕ್ಕೆ ಚೂಪು ಹಲ್ಲು ಕೆಲವೇ. ಎಷ್ಟೋ ಕ್ಯಾಲನಾಯ್ಡ್‌ಗಳ ಹಲ್ಲಿನ ತುದಿಗೆ ಸಿಲಿಕಾ ಮೆತ್ತಿರುತ್ತದೆ. ಗಾಜಿನಂಥ ಚಿಪ್ಪಿರುವ ಡಯಾಟಮ್ ಒಡೆಯಲು ಗಾಜಿನಂಥದೇ ಹಲ್ಲು.

ಹಂತ 5: ಕಾಲುಗಳು, ಅದರಲ್ಲೂ ಐದನೆಯದು

ಈಜುವ ಕಾಲುಗಳ ಪ್ರತಿ ಜೋಡಿಯಲ್ಲೂ ಎಡಗಾಲು ಬಲಗಾಲುಗಳನ್ನು ಒಂದು ಗಟ್ಟಿ ಪಟ್ಟಿ ಕೂಡಿಸಿರುತ್ತದೆ. ಅದರಿಂದ ಎರಡೂ ಒಟ್ಟಿಗೇ ಬೀಸುತ್ತವೆ, ದೋಣಿಯ ಎರಡು ಹುಟ್ಟುಗಳನ್ನು ಒಂದೇ ಕೋಲಿಗೆ ಕಟ್ಟಿದ ಹಾಗೆ. ಕೋಪೆಪಾಡ್ ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ ಈ ಪಟ್ಟಿಯನ್ನು ಹುಡುಕಿ.

ಕ್ಯಾಲನಾಯ್ಡ್‌ಗಳಲ್ಲಿ ಪ್ರಭೇದ ತೀರ್ಮಾನವಾಗುವುದು ಬಹುಪಾಲು ಐದನೇ ಜೋಡಿ ಕಾಲಿನಲ್ಲಿ. ಕೆಲವು ಕುಲಗಳ ಹೆಣ್ಣಿನಲ್ಲಿ ಅದು ಚಿಕ್ಕದಾಗಿ ಒಂದು ಮುಳ್ಳಿನಷ್ಟೇ ಉಳಿದಿರುತ್ತದೆ, ಅಕಾರ್ಟಿಯಾದಲ್ಲಿ ಹಾಗೆ. ಇನ್ನು ಕೆಲವಲ್ಲಿ ಇಲ್ಲವೇ ಇಲ್ಲ. ಗಂಡಿನಲ್ಲಿ ಎಡ ಬಲ ಬೇರೆ ಬೇರೆ ಆಕಾರ. ಕ್ಯಾಲನಸ್‌ನಲ್ಲಿ ಮಾತ್ರ ಅದು ಉಳಿದ ಈಜುಗಾಲುಗಳಂತೆಯೇ ಕಾಣುತ್ತದೆ. ವ್ಯತ್ಯಾಸ ಅಡಗಿರುವುದು ಬುಡದ ಗೆಣ್ಣಿನ ಒಳ ಅಂಚಿನ ಹಲ್ಲುಸಾಲಿನಲ್ಲಿ. ಫಿನ್‌ಮಾರ್ಕಿಕಸ್‌ನಲ್ಲಿ ಆ ಸಾಲು ಹೆಚ್ಚುಕಮ್ಮಿ ನೇರ. ದಕ್ಷಿಣದ ನೆಂಟ ಕ್ಯಾಲನಸ್ ಹೆಲ್ಗೋಲ್ಯಾಂಡಿಕಸ್‌ನಲ್ಲಿ ಒಳಕ್ಕೆ ಬಾಗಿರುತ್ತದೆ.

ಕಾಲನ್ನು ಬಿಡಿಸಲು ಎರಡು ತೆಳು ಟಂಗ್‌ಸ್ಟನ್ ಸೂಜಿ ಬೇಕು. ಜೀವಿಯನ್ನು ಗ್ಲಿಸರಿನ್‌ನಲ್ಲಿ ಪಕ್ಕಕ್ಕೆ ಮಲಗಿಸಿ. ಒಂದು ಸೂಜಿಯಲ್ಲಿ ಪ್ರೊಸೋಮ್ ಒತ್ತಿ ಹಿಡಿಯಿರಿ, ಇನ್ನೊಂದರಲ್ಲಿ ಕೊನೆಯ ಖಂಡವನ್ನು ಬಾಲದ ಸಮೇತ ಬೇರ್ಪಡಿಸಿ. ಆಮೇಲೆ ಆ ಖಂಡದಿಂದ ಕಾಲಿನ ಜೋಡಿಯನ್ನು ಪಟ್ಟಿ ಸಮೇತ ಎತ್ತಿ. ಅವಸರ ಬೇಡ. ಒಂದು ಮುರಿದರೂ ಪರವಾಗಿಲ್ಲ, ಮಾದರಿಯಲ್ಲಿ ಇನ್ನೂ ಬೇಕಾದಷ್ಟಿರುತ್ತವೆ.

ಹಂತ 6: ಮರಿಯೋ, ಬೆಳೆದದ್ದೋ?

ಬಲೆಗೆ ಬಿದ್ದವುಗಳಲ್ಲಿ ಅರ್ಧಕ್ಕೂ ಹೆಚ್ಚು ಮರಿಗಳೇ ಆಗಿರಬಹುದು. ಮೊಟ್ಟೆಯಿಂದ ಹೊರಬಂದ ಮೇಲೆ ಆರು ನಾಪ್ಲಿಯಸ್ (ಎಳೆಮರಿ) ಹಂತ, ಆಮೇಲೆ ಆರು ಕೋಪೆಪೊಡಿಡ್ (ಬೆಳೆದ ಜೀವಿಯ ರೂಪ ಬಂದ) ಹಂತ. ಆರನೆಯದೇ ಬೆಳೆದ ಜೀವಿ. ಪ್ರತಿ ಹಂತಕ್ಕೂ ಒಮ್ಮೆ ಪೊರೆ ಕಳಚುತ್ತದೆ.

ಕ್ಯಾಲನಸ್‌ನಲ್ಲಿ ಹಂತ ಹೇಳುವುದು ಸುಲಭ, ಕಾಲು ಮತ್ತು ಬಾಲದ ಖಂಡ ಎಣಿಸಿದರೆ ಆಯಿತು. ಮೊದಲ ಕೋಪೆಪೊಡಿಡ್‌ಗೆ ಎರಡು ಜೋಡಿ ಈಜುಗಾಲು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ನಾಲ್ಕು. ನಾಲ್ಕನೆಯದರಿಂದ ಮುಂದೆ ಐದು. ಆಗ ಬಾಲ ನೋಡಿ: ನಾಲ್ಕನೇ ಹಂತದಲ್ಲಿ ಮೂರು ಖಂಡ, ಐದನೆಯದರಲ್ಲಿ ನಾಲ್ಕು. ಬೆಳೆದ ಗಂಡಿಗೆ ಐದು. ಬೆಳೆದ ಹೆಣ್ಣಿಗೂ ನಾಲ್ಕೇ. ಆದರೆ ಹೆಣ್ಣಿನ ಮೊದಲ ಖಂಡ ಎರಡು ಸೇರಿ ಒಂದಾದದ್ದು, ಕೆಳಗಡೆ ಉಬ್ಬಿರುತ್ತದೆ. ಐದನೇ ಹಂತದ ಮರಿಯನ್ನು ಹೆಣ್ಣೆಂದು ಬರೆಯುವ ತಪ್ಪು ಆಗುವುದು ಇಲ್ಲಿ. ಉಬ್ಬು ಕಂಡರಷ್ಟೇ ಹೆಣ್ಣು.

ಹಂತ 7: ಪದೇ ಪದೇ ಸಿಗುವ ಮುಖಗಳು

ಇಷ್ಟು ನೋಡಿದ ಮೇಲೆ ಕೆಲವು ಕುಲಗಳು ದೂರದಿಂದಲೇ ಗುರುತು ಸಿಗುತ್ತವೆ. ಬಾಲದ ಕವಲು ಉದ್ದವಾಗಿ ಕಡ್ಡಿಯಂತಿದ್ದರೆ ಟೆಮೋರಾ. ಪ್ರೊಸೋಮ್‌ನ ಹಿಂದಿನ ಮೂಲೆಗಳಲ್ಲಿ ಚೂಪು ಮುಳ್ಳಿದ್ದರೆ ಸೆಂಟ್ರೋಪೇಜಸ್ ಎಂದು ಅನುಮಾನಿಸಿ. ಮುಂದೆ ಎರಡು ದೊಡ್ಡ ಮಸೂರಗಳು ಕಾರಿನ ದೀಪಗಳಂತೆ ಎದ್ದು ಕಂಡರೆ ಕೋರಿಸಿಯಸ್. ಪಕ್ಕದಲ್ಲಿ ಒಂದೇ ಒಂದು ಕಪ್ಪು, ಅಂಗಿಯ ಗುಂಡಿಯಂಥ ಚುಕ್ಕೆ ಕಂಡರೆ ಪ್ಲೂರೊಮ್ಯಾಮಾ. ಮೈ ಚಪ್ಪಟೆಯಾಗಿ, ಬೆಳಕಿಗೆ ನೀಲಿ ಹಸಿರಾಗಿ ಮಿಂಚಿ ಮರುಕ್ಷಣ ಕಾಣದಾದರೆ ಸಫಿರಿನಾ ಗಂಡು. ಅದನ್ನು ಸುಮ್ನೆ ನೋಡುತ್ತಾ ಕೂತರೂ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಮೊಟ್ಟೆಯೂ ಸುಳಿವು ಕೊಡುತ್ತದೆ. ಓಯ್ತೋನಾ, ಒಂಕಿಯಾ ಹೆಣ್ಣುಗಳು ಎರಡು ಚೀಲದಲ್ಲಿ ಮೊಟ್ಟೆ ಹೊತ್ತು ತಿರುಗುತ್ತವೆ. ಕ್ಯಾಲನಸ್, ಅಕಾರ್ಟಿಯಾ ನೀರಿಗೇ ಬಿಟ್ಟುಬಿಡುತ್ತವೆ. ಆದರೂ ಕ್ಯಾಲನಾಯ್ಡ್‌ಗಳಲ್ಲೇ ಯೂಕೀಟಾ, ಸ್ಯೂಡೊಡಯಾಪ್ಟೋಮಸ್ ಮೊಟ್ಟೆ ಹೊರುತ್ತವೆ. ಹಾಗಾಗಿ ಚೀಲ ಕಂಡ ಕೂಡಲೇ ಸೈಕ್ಲೊಪಾಯ್ಡ್ ಎನ್ನಬೇಡಿ, ಮೂರನೇ ಹಂತಕ್ಕೆ ವಾಪಸ್ ಹೋಗಿ ಕೀಲು ನೋಡಿ.

ಹಂತ 8: ನೆಲೆ ಬರೆಯುವಾಗ ಆಳ, ಹೊತ್ತು, ಕಾಲ ಮೂರೂ ಬೇಕು

"ಅಟ್ಲಾಂಟಿಕ್‌ನಲ್ಲಿ ಸಿಗುತ್ತದೆ" ಎಂದರೆ ಅರ್ಧ ಮಾತು. ಕೋಪೆಪಾಡ್‌ಗೆ ನೆಲೆ ಎಂದರೆ ನೀರಿನ ಒಂದು ಪದರ. ಪಾಂಟೆಲ್ಲಾ, ಲ್ಯಾಬಿಡೋಸೆರಾ ನೀರಿನ ತೀರಾ ಮೇಲ್ಪದರದಲ್ಲಿರುತ್ತವೆ, ಎಷ್ಟೋ ಸಲ ನೀಲಿ ಬಣ್ಣದಲ್ಲಿ. ಅಕಾರ್ಟಿಯಾ ದಡದ ಹತ್ತಿರ, ಅಳಿವೆಗಳಲ್ಲಿ ಹೆಚ್ಚು. ಪ್ಲೂರೊಮ್ಯಾಮಾ ಹಗಲು ನೂರಾರು ಮೀಟರ್ ಆಳದಲ್ಲಿದ್ದು ರಾತ್ರಿ ಮೇಲೆ ಬರುತ್ತದೆ. ಮಧ್ಯಾಹ್ನ ಮೇಲ್ಪದರಕ್ಕೆ ಬಲೆ ಹಾಕಿ "ಇಲ್ಲಿಲ್ಲ" ಎಂದು ಬರೆದರೆ ಅದಕ್ಕೆ ಬೆಲೆ ಇಲ್ಲ.

ಕ್ಯಾಲನಸ್ ಫಿನ್‌ಮಾರ್ಕಿಕಸ್ ಇದಕ್ಕಿಂತ ದೊಡ್ಡ ಆಟ ಆಡುತ್ತದೆ. ವಸಂತದಲ್ಲಿ ಪಾಚಿ ಹೆಚ್ಚಾದಾಗ ಮೇಲೆ ತಿಂದು, ಬೆಳೆದು, ಕೊಬ್ಬು ತುಂಬಿಕೊಳ್ಳುತ್ತದೆ. ಆಮೇಲೆ ಮುಖ್ಯವಾಗಿ ಐದನೇ ಕೋಪೆಪೊಡಿಡ್ ಹಂತದಲ್ಲಿ ಆಳಕ್ಕಿಳಿದು, ತೆರೆದ ಸಾಗರದಲ್ಲಿ 500 ಮೀಟರ್‌ಗೂ ಕೆಳಗೆ, ತಿಂಗಳುಗಟ್ಟಲೆ ತಿನ್ನದೆ ತಟಸ್ಥವಾಗಿ ಕಾಯುತ್ತದೆ. ಚಳಿಗಾಲದಲ್ಲಿ ಮೇಲಿನ 50 ಮೀಟರ್ ಮಾತ್ರ ನೋಡಿದವರಿಗೆ ಅದು ಇಲ್ಲವೇನೋ ಅನ್ನಿಸುತ್ತದೆ. ಅಕಾರ್ಟಿಯಾದ ಕೆಲವು ಪ್ರಭೇದಗಳು ಇನ್ನೊಂದು ದಾರಿ ಹಿಡಿದಿವೆ: ತಳದ ಕೆಸರಿನಲ್ಲಿ ಮೊಟ್ಟೆಗಳಾಗಿ ಕಾಲ ಕಳೆಯುತ್ತವೆ. ಆಗ ನೀರಲ್ಲಿ ಒಂದೂ ಕಾಣದಿರಬಹುದು.

ಹಾಗಾಗಿ ಪ್ರತಿ ಮಾದರಿಗೂ ಬಲೆ ಎಷ್ಟು ಆಳದಿಂದ ಎಷ್ಟು ಆಳಕ್ಕೆ ಬಂತು, ಗಂಟೆ ಎಷ್ಟು, ನೀರಿನ ಉಷ್ಣತೆ, ಉಪ್ಪಿನಂಶ ಎಲ್ಲ ಬರೆಯಿರಿ.

ಸಂಖ್ಯೆಯ ಲೆಕ್ಕ ಹೀಗೆ. 57 ಸೆಂ.ಮೀ. ಬಾಯಿ ಎಂದರೆ ಸುಮಾರು 0.25 ಚದರ ಮೀಟರ್. 50 ಮೀಟರ್ ಎಳೆದರೆ 12.5 ಘನ ಮೀಟರ್ ನೀರು. ಮಾದರಿಯ ಹತ್ತನೇ ಒಂದು ಪಾಲಿನಲ್ಲಿ 85 ಸಿಕ್ಕಿದರೆ ಒಟ್ಟು 850. ಅಂದರೆ ಘನ ಮೀಟರಿಗೆ 68.

ಹಂತ 9: ಈಗ ಭೂಪಟ ತೆರೆಯಿರಿ

ದೇಹ ನೋಡಿ ಕೊಟ್ಟ ಹೆಸರನ್ನು ಇಲ್ಲಿ ಪರೀಕ್ಷೆಗೆ ಒಡ್ಡಿ. ಸದ್ಯ ಚಾಲ್ತಿಯಲ್ಲಿರುವ ಹೆಸರು ಯಾವುದೆಂದು ವರ್ಮ್ಸ್ (WoRMS) ಎಂಬ ಜಾಲತಾಣದ ಕಡಲಜೀವಿಗಳ ಪಟ್ಟಿಯಲ್ಲಿ, ಹಿಂದೆ ಎಲ್ಲೆಲ್ಲಿ ಸಿಕ್ಕಿದೆಯೆಂದು ಓಬಿಸ್ (OBIS) ಎಂಬ ಜಾಲತಾಣದ ದಾಖಲೆಗಳಲ್ಲಿ ನೋಡಬಹುದು. ಎರಡೂ ಉಚಿತ.

ಕ್ಯಾಲನಸ್‌ಗಳ ಭೂಪಟ ಮೇಲ್ನೋಟಕ್ಕೆ ಚೊಕ್ಕ. ಹೆಲ್ಗೋಲ್ಯಾಂಡಿಕಸ್ ಅಟ್ಲಾಂಟಿಕ್‌ನ ಬೆಚ್ಚನೆಯ ಸಮಶೀತೋಷ್ಣ ನೀರಿನಲ್ಲಿ. ಫಿನ್‌ಮಾರ್ಕಿಕಸ್ ಅದರ ಉತ್ತರಕ್ಕೆ, ಅಮೆರಿಕದ ಈಶಾನ್ಯ ಕರಾವಳಿಯ ಮೇನ್ ಕೊಲ್ಲಿಯಿಂದ ನಾರ್ವೆ ಸಮುದ್ರದವರೆಗೆ. ಕ್ಯಾಲನಸ್ ಗ್ಲೇಸಿಯಾಲಿಸ್ ಆರ್ಕ್ಟಿಕ್‌ನ ಭೂಖಂಡದಂಚಿನ ಕಡಲುಗಳಲ್ಲಿ, ಹೈಪರ್ಬೋರಿಯಸ್ ಆರ್ಕ್ಟಿಕ್‌ನ ಆಳ ನೀರಿನಲ್ಲಿ. ಹೈಪರ್ಬೋರಿಯಸ್ ಗುರುತಿಸುವುದು ಸುಲಭ. ತುಂಬಾ ದೊಡ್ಡದು, ಪ್ರೊಸೋಮ್‌ನ ಹಿಂದಿನ ಮೂಲೆಗಳು ಚೂಪು.

ಪೇಚು ಇರುವುದು ಫಿನ್‌ಮಾರ್ಕಿಕಸ್ ಮತ್ತು ಗ್ಲೇಸಿಯಾಲಿಸ್‌ಗಳಲ್ಲಿ. ಮೊದಲನೆಯದಕ್ಕೆ ಗುನ್ನೆರಸ್ 1770ರಲ್ಲೇ ಹೆಸರಿಟ್ಟಿದ್ದರು. ಎರಡನೆಯದು ಬೇರೆ ಪ್ರಭೇದ ಎಂದು ಯಾಶ್ನೊವ್ ಹೇಳಿದ್ದು 1955ರಲ್ಲಿ. ಅಲ್ಲಿಂದ ಮುಂದೆ ಪ್ರೊಸೋಮ್‌ನ ಉದ್ದ ಅಳೆದು, ಸಣ್ಣದಾದರೆ ಫಿನ್‌ಮಾರ್ಕಿಕಸ್, ದೊಡ್ಡದಾದರೆ ಗ್ಲೇಸಿಯಾಲಿಸ್ ಎಂದು ವಿಂಗಡಿಸುವುದು ರೂಢಿಯಾಯಿತು. ಡಿಎನ್‌ಎ ಪರೀಕ್ಷೆ ಬಂದಾಗ ಎರಡರ ಗಾತ್ರಗಳೂ ಒಂದರ ಮೇಲೊಂದು ಬೀಳುತ್ತವೆ ಎಂದು ಗೊತ್ತಾಯಿತು. 2017ರ ಒಂದು ಅಧ್ಯಯನ ಡಿಎನ್‌ಎ ಆಧಾರದ ಮೇಲೆ ಭೂಪಟವನ್ನೇ ಹೊಸದಾಗಿ ಬರೆಯಿತು. ಆರ್ಕ್ಟಿಕ್‌ನದು ಎಂದುಕೊಂಡಿದ್ದ ಗ್ಲೇಸಿಯಾಲಿಸ್ ಎಷ್ಟೋ ದಕ್ಷಿಣಕ್ಕೆ, ನಾರ್ವೆಯ ಫ್ಯೋರ್ಡ್‌ಗಳಲ್ಲೂ (ನೆಲದೊಳಕ್ಕೆ ಚಾಚಿದ ಕಿರಿದಾದ ಕೊಲ್ಲಿಗಳಲ್ಲೂ) ಇತ್ತು. ಕೆಂಪು ಮೀಸೆ ನೋಡಿ ಬೇರ್ಪಡಿಸಬಹುದು ಎಂಬ ಸಲಹೆಯೂ ಬಂದಿತ್ತು, ಎಲ್ಲ ಕಡೆ ಅದು ನಿಲ್ಲಲಿಲ್ಲ. ಎರಡೂ ಸಿಗಬಹುದಾದ ನೀರಿನಲ್ಲಿ ಡಿಎನ್‌ಎ ಪರೀಕ್ಷೆಗೆ ಎತ್ತಿಟ್ಟ ಎಥನಾಲ್‌ನ ಬಾಟಲಿಯೇ ಗತಿ.

ಭೂಪಟ ನಿಂತ ಕಡೆ ನಿಲ್ಲುವುದೂ ಇಲ್ಲ. ಆಲಿಸ್ಟರ್ ಹಾರ್ಡಿ ರೂಪಿಸಿದ ಪ್ಲಾಂಕ್ಟನ್ ರೆಕಾರ್ಡರ್ ಅನ್ನು 1931ರಿಂದ ಸರಕು ಹಡಗುಗಳು ಎಳೆದುಕೊಂಡು ಹೋಗುತ್ತಿವೆ. ಮೇಲ್ಮೈಯಿಂದ ಹತ್ತು ಮೀಟರ್ ಒಳಗೆ, 270 ಮೈಕ್ರೋಮೀಟರ್ ಕಣ್ಣಿನ ರೇಷ್ಮೆ ಬಟ್ಟೆಯ ಮೇಲೆ ಪ್ಲಾಂಕ್ಟನ್ ಸಂಗ್ರಹವಾಗುತ್ತದೆ. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಬೆಚ್ಚನೆ ನೀರಿನ ಕೋಪೆಪಾಡ್‌ಗಳು ಉತ್ತರಕ್ಕೆ ಸರಿದದ್ದು, ಉತ್ತರ ಸಮುದ್ರದಲ್ಲಿ ಫಿನ್‌ಮಾರ್ಕಿಕಸ್ ಕಡಿಮೆಯಾಗಿ ಹೆಲ್ಗೋಲ್ಯಾಂಡಿಕಸ್ ಹೆಚ್ಚಾದದ್ದು ಗೊತ್ತಾದದ್ದು ಈ ದಾಖಲೆಯಿಂದ. ಮೇನ್ ಕೊಲ್ಲಿಯಲ್ಲಿ 2010ರ ನಂತರ ನೀರು ಬಿಸಿಯಾಗಿ ಫಿನ್‌ಮಾರ್ಕಿಕಸ್ ತಗ್ಗಿದಾಗ, ಅದನ್ನೇ ನಂಬಿದ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯತ್ತ ಹೋದವು. ಹಡಗಿನ ಸಮತೋಲಕ್ಕೆ ತುಂಬುವ ಬಲ್ಲಾಸ್ಟ್ ನೀರಿನಲ್ಲಿ ಸಾಗರ ದಾಟುವ ಕೋಪೆಪಾಡ್‌ಗಳೂ ಇವೆ. ಹಾಗಾಗಿ ನಿಮ್ಮ ಜೀವಿ ಭೂಪಟದ ಹೊರಗೆ ಸಿಕ್ಕಿದರೆ ತಕ್ಷಣ ಹೆಸರು ಬದಲಿಸಬೇಡಿ. ಐದನೇ ಕಾಲನ್ನು ಇನ್ನೊಮ್ಮೆ ನೋಡಿ. ಆಗಲೂ ಅದೇ ಉತ್ತರ ಬಂದರೆ ದೇಹದ ಮಾತನ್ನೇ ನಂಬಿ.

ಹಂತ 10: ದಾಖಲಿಸಿ

ದಾಖಲೆಯಲ್ಲಿ ಹೆಸರಿನ ಪಕ್ಕದಲ್ಲೇ ಅದು ಹೇಗೆ ತೀರ್ಮಾನವಾಯಿತು ಎಂದೂ ಬರೆಯಿರಿ: ಐದನೇ ಕಾಲಿನಿಂದಲೋ, ಗಾತ್ರದಿಂದಲೋ, ಡಿಎನ್‌ಎಯಿಂದಲೋ. ಹಂತ, ಲಿಂಗ, ಪ್ರೊಸೋಮ್ ಉದ್ದ, ಬಲೆಯ ಕಣ್ಣಿನ ಅಳತೆ ಬಿಡಬೇಡಿ. ಪ್ರಭೇದ ತಿಳಿಯದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ. "ಕ್ಯಾಲನಸ್ ಪ್ರಭೇದ, ಐದನೇ ಕೋಪೆಪೊಡಿಡ್" ಎಂಬುದು ಪೂರ್ಣ ಪ್ರಮಾಣದ ದಾಖಲೆಯೇ. ಬಿಡಿಸಿದ ಕಾಲುಗಳ ಸ್ಲೈಡಿಗೂ ಉಳಿದ ಮೈಯ ಬಾಟಲಿಗೂ ಒಂದೇ ಸಂಖ್ಯೆ ಕೊಟ್ಟು ಜೊತೆಗಿಡಿ. ಮುಂದೆ ಯಾರಾದರೂ ನಿಮ್ಮ ಚುಕ್ಕೆಯನ್ನು ಪ್ರಶ್ನಿಸಿದರೆ ಅವರಿಗೆ ತೋರಿಸಬೇಕಾದದ್ದು ಅದನ್ನೇ.